ಕನ್ನಡ ಕಲೀರಿ, ಮಾತಾಡಬೇಡಿ

ಬೆಂಗಳೂರಿನ ನಮ್ಮ ಎದುರು ಫ್ಲ್ಯಾಟಿಗೆ ಲಖನೌದಿಂದ ಒಬ್ಬ ಹುಡುಗ ಬಂದಿದ್ದಾನೆ. 'ಇಲ್ಲಿಯ ನೀರು ಕುಡೀತೀಯ, ಇಲ್ಲಿಯ ಭಾಷೆ ಕಲಿ' ಎಂದು ಮೊದಲ ದಿನವೇ ಅವನಿಗೆ ಬುದ್ಧಿ ಹೇಳಿದವನು ನಾನು. ಹಿಂದಿಯಲ್ಲಿ ಹೇಳಿದೆ, ಅರ್ಥವಾಗಬೇಕಲ್ಲ!

ಪಾಪ, ನಂಬಿಬಿಟ್ಟ. ಆರು ವಾರ ಪುಸ್ತಕ ಹಿಡಿದು ಕೂತು, ಒಂದು ಬೆಳಿಗ್ಗೆ ದರ್ಶಿನಿಯ ಕೌಂಟರಿನಲ್ಲಿ ಮಗ್ಗಿ ಒಪ್ಪಿಸುವವನಂತೆ ನಿಂತ: 'ಅಣ್ಣಾ, ಇಡ್ಲಿ-ವಡೆ ಒಂದು ಪ್ಲೇಟ್ ಕೊಡಿ. ಸಾಂಬಾರ್ ಬೇರೆ ಇರಲಿ.' ಕ್ಯಾಷಿಯರ್ ತಲೆಯೆತ್ತಿ ಮುಖ ನೋಡಿದ. 'ಸಾಂಬಾರ್ ಅಲಗ್ ನಾ? ಸಾಠ್ ರುಪ್ಯಾ.' ಆಟೋದವನದು 'ಕಿಧರ್?' ಸೊಪ್ಪಿನ ಅಜ್ಜಿ ಕೂಡ ಬಿಡಲಿಲ್ಲ, 'ಬೀಸ್ ರುಪ್ಯಾ ಕಟ್ಟು' ಅಂದಳು.

ಜರ್ಮನಿಯ ಕಿಟೆಲ್ 1853ರಲ್ಲೇ ಬಂದದ್ದು ನಮ್ಮ ಪುಣ್ಯ. ನಮಗಿನ್ನೂ ಇಷ್ಟೊಂದು ಇಂಗ್ಲಿಷ್ ಬರುತ್ತಿರಲಿಲ್ಲ. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟು ಹೋದರು. ಈಗ ಬಂದಿದ್ದರೆ 'ಸರ್, ವಿಚ್ ಕಂಟ್ರಿ?' ಎಂಬಲ್ಲಿಂದ ಮುಂದಕ್ಕೆ ಒಂದು ಪದವೂ ಸಿಗುತ್ತಿರಲಿಲ್ಲ. ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು ಕಾನೂನಿದೆ. ಬೋರ್ಡಿನ ಕೆಳಗೆ ಕೂತವನ ಬಾಯಿಗೆ ಯಾವ ಅಳತೆಯೂ ಇಲ್ಲ.

ಕನ್ನಡದಲ್ಲೇ ಉತ್ತರ ಕೊಟ್ಟವನು ಒಬ್ಬನೇ, ಪ್ಲಂಬರ್. ಫೋನಿನಲ್ಲಿ ಮುಖ ಕಾಣಲಿಲ್ಲವಲ್ಲ. 'ಈಗ್ ಬಂದೆ ಸಾರ್' ಅಂದನಂತೆ. 'ಬಂದೆ' ಭೂತಕಾಲ ಎಂದು ಪುಸ್ತಕ ಹೇಳುತ್ತದೆ. ಹುಡುಗ ಓಡಿಹೋಗಿ ಬಾಗಿಲು ತೆಗೆದ. ಯಾರೂ ಇಲ್ಲ. ಭಾನುವಾರವಿಡೀ ಬಕೆಟ್ ಇಟ್ಟುಕೊಂಡು ಕಾದ. ನಾನು ಕೂರಿಸಿಕೊಂಡು ವಿವರಿಸಿದೆ: 'ಬರ್ತೀನಿ' ಅಂದರೆ ಹೊರಟ ಎಂದರ್ಥ, 'ಬಂದೆ' ಅಂದರೆ ಇನ್ನೂ ಹೊರಟಿಲ್ಲ, 'ನೋಡೋಣ' ಅಂದರೆ ಆಸೆ ಬಿಡು. ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡ. ಇದನ್ನೂ ಹಿಂದಿಯಲ್ಲೇ ವಿವರಿಸಿದೆ ಎಂದು ಬೇರೆ ಹೇಳಬೇಕೆ?

ಈಗ ಅವನಿಗೊಬ್ಬ ಜೊತೆ ಸಿಕ್ಕಿದ್ದಾನೆ. ಗೇಟಿನ ಸೆಕ್ಯುರಿಟಿ, ಅಸ್ಸಾಮಿನವನು. ಅವನೂ ಅದೇ ಪುಸ್ತಕ ಇಟ್ಟುಕೊಂಡಿದ್ದಾನೆ. ನಿನ್ನೆ ರಾತ್ರಿ ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದೆ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಇಬ್ಬರೂ ಹರಟುತ್ತಿದ್ದರು.

'ಇಂದು ಮಳೆ ಬರುತ್ತದೆಯೇ?'

'ಹೌದು, ಮಳೆಯು ಬಹಳ ಬರುತ್ತದೆ.'

ಇಡೀ ಅಪಾರ್ಟ್‌ಮೆಂಟಿನಲ್ಲಿ ಇಷ್ಟು ಶುದ್ಧ ಕನ್ನಡ ನವೆಂಬರ್ ಒಂದರಂದೂ ಕೇಳಿಸಿರಲಿಲ್ಲ. ನನ್ನನ್ನು ಕಂಡೊಡನೆ ಇಬ್ಬರೂ ಎದ್ದು ನಿಂತರು. 'ಊಟ ಆಯಿತೇ ಸರ್?'

'ಹಾಂ ಹಾಂ, ಹೋ ಗಯಾ' ಎಂದು ಲಿಫ್ಟ್ ಹತ್ತಿದೆ.