ಯಾವ ಶಿರೂರು ಸ್ವಾಮಿ?

ನಮ್ಮ ಯಜಮಾನರು ಬಾಯಿ ತೆರೆದರೆ ಸಾಕು, ನನ್ನ ಮೊಬೈಲು ಬಿಸಿಯಾಗುತ್ತಿತ್ತು. ಬೆಳಿಗ್ಗೆ ಭಾಷಣ, ಮಧ್ಯಾಹ್ನ ಗಲಾಟೆ, ಸಂಜೆ ‘ನಾನು ಹಾಗೆ ಹೇಳಿಯೇ ಇಲ್ಲ’. ಈ ಮೂರನೆಯದನ್ನು ಬರೆಯುವುದು ಆಪ್ತ ಸಹಾಯಕನಾದ ನನ್ನ ಪಾಲಿನ ಕೆಲಸ.

ಒಂದು ದಿನ, “ಅವರನ್ನೊಮ್ಮೆ ಕಾಣಬೇಕಲ್ಲ” ಎಂದರು. ‘ಅವರು’ ಎಂದರೆ ಹಿಂದಿನ ವಾರವಷ್ಟೇ ಇವರು ಹೆಸರು ಹಿಡಿದು ಜಾಲಾಡಿದ್ದ ಭಟ್ಕಳ ಕಡೆಯ ಮುಖಂಡರು. “ಆದರೆ ನಾನು ಕೇಳಿದೆ ಅಂತ ಆಗಬಾರದು.”

ಅತ್ತಲಿನ ಸಹಾಯಕರಿಗೆ ಫೋನ್ ಮಾಡಿದೆ. ಬೈಂದೂರಿನವರು, ಪಳಗಿದ ಆಸಾಮಿ. “ಅಡ್ಡಿಲ್ಲೆ ಮಾರಾಯ್ರೆ, ಆರೆ ನಮ್ಮವ್ರೇ ಕೇಂಡದ್ದ್ ಅಂದೇಳಿ ಆಪ್ಕಾಗ” ಎಂದರು. ಅಲ್ಲಿಗೆ ಈ ಭೇಟಿ ಬೇಕಾದವರು ಲೋಕದಲ್ಲಿ ನಾವಿಬ್ಬರೇ ಎಂದಾಯಿತು.

ಜಾಗ ಎಲ್ಲಿ? ಉಡುಪಿ ಅವರಿಗಾಗದು, ಭಟ್ಕಳ ಇವರಿಗಾಗದು. ಶಿರೂರು ಎಂದೆವು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಗಿ ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿದ ಮೇಲೆ, 1956ರ ತನಕ ಕರಾವಳಿ ದಾರಿಯಲ್ಲಿ ಮದರಾಸು ಮುಗಿಯುತ್ತಿದ್ದದ್ದು ಇಲ್ಲೇ. ಎರಡು ಸರ್ಕಾರಗಳು ತೆಪ್ಪಗಿದ್ದ ಜಾಗದಲ್ಲಿ ಇಬ್ಬರು ಮುಖಂಡರು ಕೂರಲಾರರೇ?

ಆದರೆ ಈಗ ಅಲ್ಲಿ ಟೋಲ್‌ಗೇಟ್ ಇದೆ. ಟೋಲ್ ಕೊಟ್ಟು ದಾಟಿ ಬಂದವ ಸೋತ ಹಾಗೆ! ಈ ತಕರಾರಿಗೇ ಮೂರು ದಿನ ಹೋಯಿತು. ಕೊನೆಗೆ, ದಾಟುವುದು ಅವರು, ಮೊದಲು ಬಂದು ಕಾಯುವುದು ಇವರು ಎಂದು ರಾಜಿಯಾಯಿತು.

ಆ ದಿನ ಹೋಟೆಲಿನ ಒಳಕೋಣೆಯಲ್ಲಿ ಗೋಳಿಬಜೆಯ ಮುಂದೆ ಸಹಾಯಕರಿಬ್ಬರೂ ಕೂತೆವು. ಅವರ ಧಣಿ ಟೋಲಿನಾಚೆ ಕಾರಿನಲ್ಲೇ ಕೂತು, ನಮ್ಮವರು ಬಂದ ಸುದ್ದಿಗೆ ಕಾಯುತ್ತಿದ್ದರು. “ಹ್ವಾಯ್, ನಿಮ್ಮವ್ರ್ ಬತ್ರಾ ಇಲ್ಯಾ?”

ಅಷ್ಟರಲ್ಲಿ ನಮ್ಮವರದೇ ಫೋನು. “ಏನ್ರೀ, ಶಿರೂರಿಗೆ ಬಂದು ಅರ್ಧ ಗಂಟೆಯಾಯಿತು. ಇಲ್ಲಿ ನರಪಿಳ್ಳೆ ಇಲ್ಲ!”

ನನ್ನ ಕೈಯ ಬಜೆ ಕೈಯಲ್ಲೇ ಉಳಿಯಿತು. ಉಡುಪಿ ಡ್ರೈವರಿಗೆ ನಾನು ಬರೀ ‘ಶಿರೂರು’ ಎಂದಿದ್ದೆ. ಆ ಕಡೆ 33ನೇ ಶಿರೂರು, 41ನೇ ಶಿರೂರು ಎಂದು ಊರುಗಳಿಗೆ ನಂಬರೇ ಇದೆ. ಅಷ್ಟಮಠಗಳಲ್ಲೊಂದು ಶಿರೂರು ಮಠ. 1954ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿಗೂ ಹೆಸರು ಕೊಟ್ಟ ಮಠ. ಉಡುಪಿಯವನ ಸ್ಟೇರಿಂಗು ಇನ್ನೆತ್ತ ತಿರುಗೀತು? 1776ರಲ್ಲಿ ಬಾಸ್ವೆಲ್ ಉಪಾಯ ಮಾಡಿ, ಡಾ. ಜಾನ್ಸನ್ನರನ್ನು ಅವರಿಗೆ ಕಂಡರಾಗದ ಜಾನ್ ವಿಲ್ಕ್ಸನ ಜೊತೆ ಊಟಕ್ಕೆ ಕೂರಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ. ಅವನಿಗೇನು, ಇದ್ದದ್ದು ಒಂದೇ ಲಂಡನ್ನು.

ಆ ಮಠದ ಶಿರೂರಿನಿಂದ ಇಲ್ಲಿಗೆ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಟೋಲಿನಾಚೆಯ ಕಾರು ತಿರುಗಿ ಹೋಯಿತು.

ಮರುದಿನ ಎರಡೂ ಕಡೆಯ ಹೇಳಿಕೆ ಅಚ್ಚಾಯಿತು: ‘ಮಾತುಕತೆಗೆಂದು ನಾನು ಶಿರೂರಿಗೆ ಹೋಗಿದ್ದೆ. ಅವರೇ ಬರಲಿಲ್ಲ.’ ಎರಡೂ ನಿಜವೇ. ಎರಡನ್ನೂ ಬರೆದದ್ದು ಅದೇ ಒಳಕೋಣೆಯಲ್ಲಿ, ಉಳಿದ ಗೋಳಿಬಜೆ ಮುಗಿಸುತ್ತ, ನಾವಿಬ್ಬರೇ.