ನೋವಿಲ್ಲದ ಕಾದಂಬರಿಕಾರ

ಮಲವಗೊಪ್ಪದಲ್ಲಿ ಅವರನ್ನು ಎಲ್ಲರೂ ಕರೆಯುವುದು ‘ಕಾದಂಬರಿಕಾರರು’ ಎಂದೇ. ಒಂದೂ ಕಾದಂಬರಿ ಬರೆದಿಲ್ಲ ಎಂಬುದು ಈ ಬಿರುದಿಗೆ ಅಡ್ಡಿಯಾಗಿಲ್ಲ. ಬರೆದಿದ್ದರೆ ಯಾರಾದರೂ ಓದಿ ಅದನ್ನು ಕಿತ್ತುಕೊಳ್ಳುತ್ತಿದ್ದರೋ ಏನೋ. ಭದ್ರಾವತಿಯ ಸಹಕಾರ ಸಂಘವೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಬಿ.ಎಚ್. ರಸ್ತೆಯಲ್ಲಿ ಬಸ್ಸು ಹತ್ತಿ ಹೋದವರು ಸಂಜೆ ಅದೇ ರಸ್ತೆಯಲ್ಲಿ ವಾಪಸು. ಹೆಗಲ ಚೀಲದಲ್ಲಿ ಊಟದ ಡಬ್ಬಿ, ಜೊತೆಗೊಂದು ಇನ್ನೂರು ಪುಟದ ನೋಟ್‌ಬುಕ್ಕು. ಡಬ್ಬಿ ಮಧ್ಯಾಹ್ನಕ್ಕೆ ಖಾಲಿಯಾಗುತ್ತದೆ. ನೋಟ್‌ಬುಕ್ಕು ಕೊಂಡ ದಿನದಿಂದಲೇ ಖಾಲಿ.

‘ಎಲ್ಲಿಗೆ ಬಂತು ಸಾರ್ ಕಾದಂಬರಿ?’ ಎಂದು ಟೀ ಅಂಗಡಿಯಲ್ಲಿ ಕೇಳಿ ನೋಡಿ. ‘ನೋವಿಲ್ಲ ಮಾರಾಯ್ರೆ, ನೋವಿಲ್ಲ!’ ಎಂದು ನೊಂದುಕೊಳ್ಳುತ್ತಾರೆ. ನೋವಿಲ್ಲದೆ ಸಾಹಿತ್ಯ ಹುಟ್ಟುವುದಿಲ್ಲ ಎಂಬುದು ಅವರ ಸಿದ್ಧಾಂತ. ಆದರೆ ಹೆಂಡತಿ ಜಗಳಕ್ಕೆ ಬರುವುದಿಲ್ಲ, ಮಗಳು ಓದಿನಲ್ಲಿ ಮುಂದು, ಮನೆ ಸಾಲ ತೀರಿದೆ. ಆಸೆಯಿಂದ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆಯೂ ಇಲ್ಲ. ಭಾನುವಾರ ಬರೆಯಲು ಕುಳಿತರೆ ಅಡುಗೆಮನೆಯಿಂದ ಬಿಸಿ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬರುತ್ತದೆ. ಎರಡು ರೊಟ್ಟಿ ಇಳಿದ ಮೇಲೆ ಕಥಾನಾಯಕನನ್ನು ಸಾಯಿಸಲು ಮನಸ್ಸೊಪ್ಪುವುದಿಲ್ಲ. ಮೂರನೆಯದು ಇಳಿದರೆ ಅವನಿಗೆ ಮದುವೆಯೇ ಆಗಿಬಿಡುತ್ತದೆ. ಆಮೇಲೆ ಇಬ್ಬರಿಗೂ ನಿದ್ದೆ.

ನೋವನ್ನು ಬರಮಾಡಿಕೊಳ್ಳುವ ಪ್ರಯತ್ನಗಳೂ ನಡೆದಿವೆ. ಒಂದು ವಾರ ಏಕಾಂತದಲ್ಲಿ ನರಳಿ ಬರುತ್ತೇನೆಂದು ತೀರ್ಥಹಳ್ಳಿ ಕಡೆಯ ನೆಂಟರ ತೋಟದ ಮನೆಗೆ ಹೋದವರು ಕಡುಬು ತಿಂದು ದುಂಡಗಾಗಿ ಬಂದರು. ಕೊನೆಗೊಂದು ರಾತ್ರಿ ಘೋಷಿಸಿದರು: ‘ಕೆಲಸಕ್ಕೆ ರಾಜೀನಾಮೆ ಕೊಡ್ತೀನಿ ಕಣೆ. ಗುಮಾಸ್ತಿಕೆ ನನ್ನೊಳಗಿನ ಕಲಾವಿದನನ್ನ ಕೊಲ್ತಾ ಇದೆ.’

‘ಕೊಡಿ’ ಎಂದರು ಆಕೆ, ಅವರೆಕಾಳು ಹಿಸುಕುತ್ತ. ‘ಆದ್ರೆ ನಾ. ಡಿಸೋಜ ಅವರು ಪಿಡಬ್ಲ್ಯುಡಿ ಕೆಲಸದಲ್ಲಿ ಇದ್ಕೊಂಡೇ ಅಷ್ಟೆಲ್ಲ ಬರೀಲಿಲ್ವೇನ್ರೀ? ನಿಸಾರ್ ಅಹಮದ್ ಅವರು ಇಲ್ಲೇ ಸಹ್ಯಾದ್ರಿ ಕಾಲೇಜಲ್ಲಿ ಕಲ್ಲು-ಮಣ್ಣಿನ ಪಾಠ ಹೇಳ್ಕೊಂಡೇ ಕವಿಗಳಾಗಿದ್ರಲ್ಲ?’

‘ಡಿಸೋಜರಿಗೇನು, ಲಿಂಗನಮಕ್ಕಿ ಅಣೆಕಟ್ಟು ಸಿಕ್ತು! ಊರಿಗೆ ಊರೇ ಮುಳುಗಿತು, ಅವರು “ಮುಳುಗಡೆ” ಬರೆದ್ರು, “ದ್ವೀಪ” ಬರೆದ್ರು. ನನ್ನ ಪಾಲಿಗೆ ಏನು ಮುಳುಗಿದೆ ಹೇಳು?’

‘ನಮ್ಮೂರ ಸಕ್ಕರೆ ಕಾರ್ಖಾನೆ ಮುಳುಗಲಿಲ್ವಾ?’

ಕಾದಂಬರಿಕಾರರು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಕಾರ್ಖಾನೆ ಬಾಗಿಲು ಹಾಕಿ ದಶಕಗಳಾದರೂ ಅದರ ಜಮೀನಿನ ಮಾತು ಟೀ ಅಂಗಡಿಯಲ್ಲಿ ಇನ್ನೂ ಆರಿಲ್ಲ. ಇನ್ನು ಅವರು ದಿನಾ ಹೋಗುವ ಭದ್ರಾವತಿಯ ಸಂಗತಿ. ಅರಸರ ಕಾಲದಲ್ಲಿ, 1936ರಲ್ಲಿ ಹುಟ್ಟಿ ನಾಡಿಗೆಲ್ಲ ಕಾಗದ ಕೊಟ್ಟ ಎಂಪಿಎಂ ಕಾರ್ಖಾನೆ 2015ರಲ್ಲಿ ನಿಂತಿತು. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಉತ್ಪಾದನೆ ಶುರುವಾದದ್ದು 1923ರಲ್ಲಿ. ನೂರು ತುಂಬಿದ 2023ರಲ್ಲೇ ಮುಚ್ಚುವ ಸುದ್ದಿ ಬಂದು ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಬಸ್ಸಿನಲ್ಲಿ ಕಾದಂಬರಿಕಾರರ ಪಕ್ಕದ ಸೀಟಿನಲ್ಲಿ ನಿತ್ಯ ಕೂರುವವರೇ ಎಂಪಿಎಂನಿಂದ ಸ್ವಯಂ ನಿವೃತ್ತಿ ಪಡೆದು ಮಾಚೇನಹಳ್ಳಿಯಲ್ಲಿ ವಾಚ್‌ಮನ್ ಆಗಿರುವವರು. ಮಾತಿಗೆ ಕಾದು ಕಾದು ನಿದಿಗೆ ಸ್ಟಾಪು ಬರುವ ಹೊತ್ತಿಗೆ ಅವರೂ ಸುಮ್ಮನಾಗುತ್ತಿದ್ದರು. ಯಾಕೆಂದರೆ ನಮ್ಮ ಕಾದಂಬರಿಕಾರರು ಸುಖಜೀವಿ. ಸೀಟು ಸಿಕ್ಕ ಕೂಡಲೇ ಗೊರಕೆ. ಬರವಣಿಗೆಗೆ ಅಡ್ಡಬಂದದ್ದು ಅಕ್ಕಿರೊಟ್ಟಿಯಲ್ಲ, ಈ ನಿದ್ದೆ.

ಮರುದಿನ ಎಚ್ಚರವಾಗಿದ್ದರು. ಕಾಗದದ ಕಾರ್ಖಾನೆಯಲ್ಲಿ ದುಡಿದೂ ಮಗನ ನೋಟ್‌ಬುಕ್ಕಿಗೆ ಅಂಗಡಿಯಲ್ಲಿ ಸಾಲ ಹೇಳಬೇಕಾಗಿ ಬಂದದ್ದನ್ನು ಪಕ್ಕದವರು ನಗುನಗುತ್ತ ಹೇಳಿದರು. ಇವರಿಗೆ ನಗು ಬರಲಿಲ್ಲ. ಆ ವಾರವೇ ಎಂಟು ಪುಟದ ಕಥೆಯಾಯಿತು. ವಾಚ್‌ಮನ್ನರಿಗೇ ಮೊದಲು ಓದಿ ಹೇಳಿದರು. ಎರಡು ಕಡೆ ತಿದ್ದಿಸಿದರು ಅವರು. ಪತ್ರಿಕೆಯೊಂದಕ್ಕೆ ಹೋದ ಕಥೆ, ತಿಂಗಳಾದ ಮೇಲೆ ವಿಷಾದಪತ್ರದೊಂದಿಗೆ ವಾಪಸು ಬಂತು.

ಪತ್ರ ಹಿಡಿದು ಕಾದಂಬರಿಕಾರರು ಒಳಗೆ ಓಡಿದರು. ‘ಲೇ, ಕೊನೆಗೂ ನನಗೂ ಒಂದು ನೋವು ಸಿಕ್ತು ಕಣೆ!’

‘ಅಯ್ಯೋ, ಹಾಗಾದ್ರೆ ಇವತ್ತು ನಿಮಗೆ ರೊಟ್ಟಿ ಬೇಡವೇನೋ.’

‘ನೋವೇ ಬೇರೆ, ರೊಟ್ಟಿಯೇ ಬೇರೆ’ ಎನ್ನುತ್ತ ಅವರು ತಟ್ಟೆ ಎಳೆದುಕೊಂಡರು. ‘ಎರಡೇ ಹಾಕು. ಊಟ ಆದ ಮೇಲೆ ಬರೆಯೋದಿದೆ.’