ದುರಸ್ತಿಶಾಸ್ತ್ರ: ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಮನೆ ರಿಪೇರಿಯನ್ನೂ ದೂರದ ಬಳಗವನ್ನೂ ಕುರಿತು ಒಂದು ಗಹನ ವಿಚಾರ

ಪೀಠಿಕೆ ಮತ್ತು ಪರಿಭಾಷೆ

ನಮ್ಮಲ್ಲಿ ಛಂದಸ್ಸಿಗೆ ಶಾಸ್ತ್ರವಿದೆ, ಅಲಂಕಾರಕ್ಕೆ ಶಾಸ್ತ್ರವಿದೆ, ಎತ್ತಿನ ಸುಳಿ ನೋಡುವುದಕ್ಕೂ ಶಾಸ್ತ್ರವಿದೆ. ಅಪ್ಪ ಬಿಟ್ಟುಹೋದ ಮನೆಯನ್ನು ಬೆಂಗಳೂರಿನಲ್ಲಿ ಕೂತು ರಿಪೇರಿ ಮಾಡಿಸುವುದಕ್ಕೆ ಮಾತ್ರ ಈತನಕ ಯಾರೂ ಶಾಸ್ತ್ರ ಬರೆದಂತಿಲ್ಲ. ಗದಗ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಓಣಿಗೊಂದು ಉಸುಕಿನ ಗುಡ್ಡೆ ಬಿದ್ದಿರುವಾಗ ಇಂಥ ಕೊರತೆ ವಿದ್ವತ್ ಲೋಕಕ್ಕೆ ಶೋಭೆಯಲ್ಲ.

ಈ ಶಾಸ್ತ್ರದಲ್ಲಿ 'ಮನೆ' ಅಂದರೆ ಅವ್ವ ಇರುವ ಜಾಗ. 'ಬಳಗ' ಅಂದರೆ ಅಲ್ಲಿ ಇಲ್ಲದವರು. 'ದುರಸ್ತಿ' ಅಂದರೆ, ಇಲ್ಲದವರು ತಾವು ಬಂದಾಗ ಅನುಕೂಲವಾಗಲೆಂದು, ಇರುವವರಿಗೆ ಇರಲಿಕ್ಕಾಗದಂತೆ ಮಾಡುವ ಕ್ರಿಯೆ. 'ಗೌಂಡಿ'ಯ ಲಕ್ಷಣ ಹೇಳುವುದು ಸ್ವಲ್ಪ ಕಷ್ಟ. ವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಒಪ್ಪುತ್ತಾರೆ. ಗೌಂಡಿ ಆ ವರ್ಗದವನು. ಸಂಚಕಾರ ಕೊಡುವ ಮುಂಚಿನದು ಪ್ರಾಗಭಾವ. ಕೊಟ್ಟ ಮೇಲಿನದು ಅತ್ಯಂತಾಭಾವ. ಕೆಲವೊಮ್ಮೆ ಯಾರೋ ಬಂದು ಗಿಲಾವು ಶುರು ಮಾಡಿರುತ್ತಾರೆ. ವಿಚಾರಿಸಿದರೆ ನಾವು ಮಾತಾಡಿದ ಗೌಂಡಿ ಅವನಲ್ಲ, ಗೌಂಡಿಯ ಅಳಿಯ. ಇದೇ ಅನ್ಯೋನ್ಯಾಭಾವ.

ಗೌಂಡಿಯ ಅಭಾವಕ್ಕೆ ಕಾರಣ ಹುಡುಕುತ್ತ ಹೋದರೆ ಶಾಸ್ತ್ರ ಸ್ವಲ್ಪ ಹೊತ್ತು ನಗುವುದನ್ನು ಬಿಡಬೇಕಾಗುತ್ತದೆ. ರೋಣ, ಗಜೇಂದ್ರಗಡ ಕಡೆಯ ಹಳ್ಳಿ ಮತ್ತು ತಾಂಡಾಗಳಿಂದ ಜನ ಗುಳೆ ಹೋಗುವುದು ಗೋವಾಕ್ಕೆ, ಮಂಗಳೂರಿಗೆ, ಉಡುಪಿಗೆ, ಬೆಂಗಳೂರಿಗೆ. ಒಣ ಬೇಸಾಯ ಕೈಕೊಟ್ಟ ವರ್ಷ ಕರಣಿ ಹಿಡಿದವನಿಗೂ ಹಾರೆ ಹಿಡಿದವನಿಗೂ ಅದೇ ದಾರಿ. ಹೀಗಾಗಿ ನಮ್ಮ ಗೌಂಡಿ ಮಂಗಳೂರಿನಲ್ಲಿ, ದುಬೈಗೆ ಹೋದ ಯಾರದೋ ಮನೆಗೆ ಮೇಲಂತಸ್ತು ಕಟ್ಟುತ್ತಿರುತ್ತಾನೆ. ಅವನ ಸ್ವಂತ ಮನೆ ಇಲ್ಲಿ ಲಿಂಟಲ್ ಮಟ್ಟಕ್ಕೆ ನಿಂತಿರುತ್ತದೆ, ಏಕೆಂದರೆ ಅದಕ್ಕೆ ಸೆಂಟ್ರಿಂಗ್ ಹಾಕಬೇಕಾದವನು ಗೋವಾದಲ್ಲಿದ್ದಾನೆ. ಒಟ್ಟಿನಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬ ಇಲ್ಲದವನ ಮನೆಯಲ್ಲಿ ಇರುವವನು.

ಮಾಳಿಗೆ ಪ್ರಕರಣ

ನಮ್ಮ ರೋಣದ ಮನೆ ಮೇಲ್ಮುದ್ದೆಯದು. ಕಂಬ, ಕಂಬದ ಮೇಲೆ ಬೋದಿಗೆ, ತೊಲೆ, ಜಂತಿ. ಜಂತಿಯ ಮೇಲೆ ಹಲಗೆ, ಬೇವಿನ ತಪ್ಪಲು, ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣು. ನಡುವೆ ಒಂದು ಬೆಳಕಿಂಡಿ. ಏಪ್ರಿಲ್ ಬಿಸಿಲಲ್ಲಿ ಓಣಿ ಕಾದ ಹಂಚಾದಾಗಲೂ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಬಹುದು. ಇದಕ್ಕೆ ಪ್ರತಿಯಾಗಿ ಮಾಳಿಗೆ ಕೇಳುವುದು ಒಂದೇ: ರೋಹಿಣಿ ಮಳೆಗೆ ಮುಂಚೆ ಯಾರಾದರೂ ಏಣಿ ಹತ್ತಿ, ಹುಲ್ಲು ಕಿತ್ತು, ಹೊಸ ಸವಳು ಹಾಕಿ ತುಳಿಯಬೇಕು. ಆ 'ಯಾರಾದರೂ' ಈಗ ಬೆಳ್ಳಂದೂರಿನಲ್ಲಿ ಎಂಟನೆಯ ಮಹಡಿಯಲ್ಲಿದ್ದಾನೆ. ಅವನ ತಲೆಯ ಮೇಲೆ ಇನ್ನೂ ನಾಲ್ಕು ಮಹಡಿ ಇರುವುದರಿಂದ ಮಾಳಿಗೆ ಸೋರುತ್ತದೆಂಬುದೇ ಅವನಿಗೆ ಮರೆತಿದೆ. ಆದ್ದರಿಂದ ಸಿದ್ಧಾಂತ: ಸೋರಿಕೆಗೆ ಮಳೆ ನಿಮಿತ್ತ ಕಾರಣ ಮಾತ್ರ, ಉಪಾದಾನ ಕಾರಣ ಮಗನಿಗೆ ಸಿಕ್ಕ ನೌಕರಿ.

ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕುವುದೆಂದು ತೀರ್ಮಾನವಾಯಿತು. ಸೆಂಟ್ರಿಂಗ್ ಮುಗಿದು ಸಳಿ ಕಟ್ಟಿ ಇನ್ನೇನು ಕಾಂಕ್ರೀಟ್ ಸುರಿಯಬೇಕು, ಅಷ್ಟರಲ್ಲಿ ನ್ಯೂ ಜೆರ್ಸಿಯ ತಂಗಿ ವಿಡಿಯೊದಲ್ಲಿ ಕಾಣಿಸಿಕೊಂಡಳು. ಇಲ್ಲಿ ಬೆಳಗಿನ 10, ಅಲ್ಲಿ ನಡುರಾತ್ರಿ ಹನ್ನೆರಡೂವರೆ.

"ಅಣ್ಣಾ, ಜೋಕಾಲಿಗೆ ಕೊಂಡಿ ಎಲ್ಲಿ?"

ನಾಗರಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡುವ ಸೀಮೆ ಇದು. ಹಳೆಯ ಮನೆಯಲ್ಲಿ ಹಗ್ಗವನ್ನು ತೊಲೆಗೆ ಸುತ್ತಿದರೆ ಮುಗಿಯಿತು. ಸ್ಲ್ಯಾಬಿಗೆ ಹಾಗಲ್ಲ, ಸುರಿಯುವ ಮುಂಚೆಯೇ ಸಳಿಗೆ ಕೊಂಡಿ ಸಿಕ್ಕಿಸಿರಬೇಕು. ಮಿಕ್ಸರ್ ನಿಂತಿತು. ಕೊಂಡಿ ತರಲು ಹುಡುಗ ಸೈಕಲ್ ಹತ್ತಿದ. ಕೆಲಸದವರು ನೆರಳಿಗೆ ಕೂತು ಚುಟ್ಟಾ ಹಚ್ಚಿದರು. ಪಂಚಮಿಗೆ ಅವಳಿಗೆ ಎಂದೂ ಟಿಕೆಟ್ ಸಿಕ್ಕಿಲ್ಲ, ಮಗಳ ಶಾಲೆ, ಗಂಡನ ವೀಸಾ, ಏನಾದರೊಂದು ಇರುತ್ತದೆ. ಕೊಂಡಿ ಮಾತ್ರ ಆನೆ ತೂಗಿದರೂ ಬೀಳದಷ್ಟು ದಪ್ಪದ್ದು ಬಿತ್ತು. ಈಗ ಅದಕ್ಕೆ ಅವ್ವ ಬೆಳ್ಳುಳ್ಳಿ ಗೊಂಚಲು ನೇತುಹಾಕಿದ್ದಾಳೆ.

ನೆಲ ಪ್ರಕರಣ

ಮೇಲಿನದು ಕೈಕೊಟ್ಟರೆ ಕೆಳಗಿನದಾದರೂ ಗಟ್ಟಿ ಇರಬೇಕಷ್ಟೆ. ನರಗುಂದದಲ್ಲಿ ಅದಕ್ಕೂ ಖಾತ್ರಿಯಿಲ್ಲ. ಎರೆಮಣ್ಣು ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಗೋಡೆ ವರ್ಷಕ್ಕೆರಡು ಸಲ ಉಸಿರಾಡುತ್ತದೆ. "ಗರಸು ಹತ್ತೋತನಕ ತೋಡ್ರಿ" ಅನ್ನುವುದು ಇಲ್ಲಿಯ ಪಾಯದ ಮೂಲಮಂತ್ರ. ಗರಸು ಯಾವಾಗ ಹತ್ತುತ್ತದೆಂಬುದು ಭೂಮಿತಾಯಿಗೂ ಜೆಸಿಬಿಯವನಿಗೂ ಬಿಟ್ಟದ್ದು, ತಾಸಿನ ಲೆಕ್ಕ ಬೆಳೆದಷ್ಟೂ ಅವನಿಗೆ ಗರಸು ಕಾಣುವುದು ತಡ.

ಇನ್ನು ಹಗೇವು. ಮನೆಯೊಳಗೋ ಅಂಗಳದಲ್ಲೋ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು ಮಾಡಿ ತೋಡಿದ ಜೋಳದ ಕಣಜ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆಂದು, ಇಳಿಯುವ ಮುಂಚೆ ದೀಪ ಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯ ಇಳಿಯಬಾರದು. ಜೋಳ ಗೋಣಿಚೀಲಕ್ಕೆ ಬಂದ ಮೇಲೆ ಹಗೇವಿನ ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಫರಸಿ ಹಾಸಿ, ಮಕ್ಕಳಿಗೆ ಹೇಳದೆ ಅಜ್ಜಂದಿರು ತೀರಿಕೊಂಡರು. ಈಚಿನ ವರ್ಷಗಳಲ್ಲಿ ನರಗುಂದ ಪಟ್ಟಣದ ಹಳೆಯ ಓಣಿಗಳಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿದು, ಮನೆಯೊಳಗೇ ಗುಂಡಿ ಬಿದ್ದಾಗ ಎಲ್ಲರಿಗೂ ಅವು ನೆನಪಾದವು. ಅಂತರ್ಜಲ ಮೇಲೇರಿದ್ದು, ಒಳಗೆ ಮರೆತುಹೋದ ಹಗೇವು ಇದ್ದದ್ದು, ಎರಡೂ ಸೇರಿ ಹೀಗಾಯಿತೆಂದು ಹೇಳುತ್ತಾರೆ. ನರಗುಂದಕ್ಕೆ ಕೊಟ್ಟ ನಮ್ಮ ಅಕ್ಕನ ಮನೆಯಲ್ಲಿ ಟೈಲ್ಸ್ ಹಾಕುವ ಮುಂಚೆ ಪುಣೆಯಿಂದ ಭಾವನ ತಮ್ಮ ಫೋನು ಮಾಡಿ ಕೇಳಿದ ಮೊದಲ ಪ್ರಶ್ನೆ "ಹಗೇವು ಎಷ್ಟವ?" ಅಂತ. ಎಂಬತ್ತು ದಾಟಿದ ಅತ್ತೆಯೊಬ್ಬರೇ ಸಾಕ್ಷಿ. ಅವರು ಕೋಲೂರಿ ಮನೆ ತುಂಬ ನಡೆದು, ಒಂದು ಕಡೆ ನಿಂತು ಕುಟ್ಟಿ, ಕಿವಿಗೊಟ್ಟು, "ಇಲ್ಲೊಂದು. ಇನ್ನೊಂದು ಎಲ್ಲೈತೋ ನಿಮ್ಮ ಮಾವಗ ಗೊತ್ತಿತ್ತು" ಅಂದರು. ಮಾವ ತೀರಿ ಹೋಗಿ ಬಹಳ ವರ್ಷ. ಭೂಗರ್ಭಶಾಸ್ತ್ರ ಅಲ್ಲಿಗೆ ನಿಂತಿತು.

ಐತಿಹಾಸಿಕ ಪೂರ್ವನಿದರ್ಶನ

1785ರಲ್ಲಿ ಟಿಪ್ಪು ಸುಲ್ತಾನನ ಪಡೆ ನರಗುಂದವನ್ನು ಹಿಡಿಯಿತು. ಮರಾಠರು ಕೆರಳಿದರು, ಯುದ್ಧವಾಯಿತು, 1787ರ ಗಜೇಂದ್ರಗಡ ಒಪ್ಪಂದದಲ್ಲಿ ನರಗುಂದ ಮರಳಿತು. ಅಂದರೆ ನರಗುಂದದ ಆಸ್ತಿಯ ವಿಷಯ ಗಜೇಂದ್ರಗಡದಲ್ಲಿ ಇತ್ಯರ್ಥ ಮಾಡುವ ಪದ್ಧತಿ ಇಂದಿನದಲ್ಲ. ನಮ್ಮ ಬಳಗದ ಪಂಚಾಯ್ತಿಯೂ ಗಜೇಂದ್ರಗಡದ ಸೋದರಮಾವನ ಪಡಸಾಲೆಯಲ್ಲೇ ಕೂತಿತು. ಕೂತವರು ಮೂವರು, ಮೊಬೈಲಿನಲ್ಲಿ ಐವರು. ಅಲ್ಲಿಯಂತೆ ಇಲ್ಲಿಯೂ ಹಳೆಯ ಬಾಕಿ ಎಷ್ಟು, ಯಾರು ಯಾವ ಕಂತಿನಲ್ಲಿ ಕೊಡಬೇಕೆಂಬುದೇ ಮುಖ್ಯ ಕಲಮು. ವ್ಯತ್ಯಾಸ ಇಷ್ಟೇ: ಅವರದು ಎರಡು ವರ್ಷದಲ್ಲಿ ಮುಗಿಯಿತು.

ಸೋದರಮಾವನ ಮನೆಯೂ ಈ ಶಾಸ್ತ್ರದ ವ್ಯಾಪ್ತಿಗೆ ಬರುತ್ತದೆ. ಗಜೇಂದ್ರಗಡ ನೇಕಾರರ ಊರು. ಮಾವನ ಪಡಸಾಲೆಯಲ್ಲಿ ಅರ್ಧ ಕುಣಿಮಗ್ಗದ್ದು. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಸೂರತ್‌ನಲ್ಲಿರುವ ಮಗ ಕುಣಿ ಮುಚ್ಚಿಸಿ, ಬಿಳಿ ಟೈಲ್ಸ್ ಹಾಕಿಸಿ, ಸೋಫಾ ಇಡುವ ಯೋಜನೆ ಕಳಿಸಿದ. ಮಾವ ಓದಿ, "ಬ್ಯಾಡ ಅನ್ನೂದಿಲ್ಲ. ನಾ ಎಲ್ಲಿ ಕುಂದರ್ಲಿ ಅಷ್ಟು ಹೇಳಪಾ" ಅಂದ. ಕೊನೆಗೆ ಕುಣಿಯ ಅಂಚಿನವರೆಗೆ ಟೈಲ್ಸ್ ಬಂತು, ಕುಣಿ ಹಾಗೇ ಉಳಿಯಿತು. ದೀಪಾವಳಿಗೆ ಬಂದ ಮೊಮ್ಮಗ ಇಡೀ ಮನೆಯಲ್ಲಿ ಕೂತದ್ದು ಅದೊಂದೇ ಜಾಗದಲ್ಲಿ: ಕಾಲು ಕುಣಿಯಲ್ಲಿ, ಕಣ್ಣು ಮೊಬೈಲಿನಲ್ಲಿ.

ಬಣ್ಣದ ವಿಚಾರ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಗಜೇಂದ್ರಗಡದ ಹತ್ತಿರದ ಕಾಲಕಾಲೇಶ್ವರನ ಗುಡಿಯಲ್ಲಿ ಉಗಾದಿ ಹೊತ್ತಿಗೆ ಬೆಂಕಿಯಿಲ್ಲದೆ ಸುಣ್ಣ ತಾನೇ ಉಕ್ಕುತ್ತದೆಂದೂ, ಅದನ್ನು ನೋಡಿ ಮಳೆ-ಬೆಳೆ ಹೇಳಬಹುದೆಂದೂ ಭಕ್ತರ ನಂಬಿಕೆ. ಪುಟ್ಟಿ, ಪ್ರೈಮರ್, ಎರಡು ಕೋಟ್ ಎಂದು ಪಟ್ಟಿ ಚಾಚುವ ಪೇಂಟರುಗಳ ಕಾಲದಲ್ಲಿ ಪಗಾರ ಕೇಳದ ಸುಣ್ಣ ಇದೊಂದೇ.

ಕಾಲ ಪ್ರಕರಣ

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂಬುದು ಪಾಮರರ ಭ್ರಮೆ. ಅದು ಗಟ್ಟಿಯಾಗುವುದು ನೀರಿನೊಂದಿಗೆ ಸಿಮೆಂಟು ಕೂಡಿ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಅದಕ್ಕೇ ಸ್ಲ್ಯಾಬಿನ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸುತ್ತಾರೆ. ಕಡಿಮೆಯೆಂದರೆ 7 ದಿನ ಒದ್ದೆಯಾಗಿರಬೇಕು. ಅದರ ಬಲವನ್ನು ಅಳೆಯುವುದು 28ನೆಯ ದಿನ. ಬೆಂಗಳೂರಿನ ಕಂಪನಿ ಶನಿವಾರ, ಭಾನುವಾರ ಹಿಡಿದು ಕೊಡುವ ರಜೆ ನಾಲ್ಕು ದಿನ. ಆ ನಾಲ್ಕರಲ್ಲಿ ಬರುವುದಕ್ಕೊಂದು ರಾತ್ರಿ, ಹೋಗುವುದಕ್ಕೊಂದು ರಾತ್ರಿ. ಉಳಿದ ಹೊತ್ತಿನಲ್ಲಿ ಮಗ ಮಾಡುವುದು ಟೇಪು ಹಿಡಿದು ಕಿಟಕಿ ಅಳೆಯುವುದು, ಪ್ಲಂಬರನನ್ನು ಹುಡುಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುವುದು, ಅಂಗಡಿಯವನೊಂದಿಗೆ ಸಿಮೆಂಟ್ ಚೀಲದ ಲೆಕ್ಕಕ್ಕೆ ಜಗಳವಾಡುವುದು. ಅವ್ವ ರೊಟ್ಟಿ ಬಡಿದು, ಮುಚ್ಚಿಟ್ಟು, ತೆಗೆದು, ಮತ್ತೆ ಮುಚ್ಚಿಡುತ್ತಾಳೆ. ಅವಳನ್ನು ನೋಡಲು ಬರುವುದಕ್ಕೆ ಅನುಕೂಲವಾಗಲೆಂದು ಶುರುವಾದ ಕೆಲಸ ಅವಳನ್ನು ನೋಡುವ ಹೊತ್ತನ್ನೆಲ್ಲ ತಿನ್ನುತ್ತದೆ. ಗಣಿತದಲ್ಲಿ ಇದಕ್ಕೇನೋ ಹೆಸರಿರಬೇಕು.

ಮಗ ಹೋದ ಮೇಲೆ ಉಳಿದ ಇಪ್ಪತ್ನಾಲ್ಕು ದಿನದ ನೀರು ಅವ್ವನ ಪಾಲಿಗೆ. ನಳ ಬಂದ ದಿನ ಬಂತು, ಇಲ್ಲದ ದಿನ ಟ್ಯಾಂಕರ್. ನೀರಿನ ಕರದ ವಿರುದ್ಧ 1980ರ ಜುಲೈನಲ್ಲಿ ರೈತರು ಬಂಡೆದ್ದ ನೆಲದಲ್ಲಿ, ಮಹದಾಯಿಗಾಗಿ 2015ರಿಂದ ಧರಣಿ ಕೂತ ನೆಲದಲ್ಲಿ, "ಅವ್ವಾ, ದಿನಾ ಎರಡ ಸಲ ನೀರು ಹೊಡಿ" ಎಂದು ಫೋನಿನಲ್ಲಿ ಹೇಳುವುದು ಎಷ್ಟು ಸಲೀಸು!

ಪೂರ್ವಪಕ್ಷ ಮತ್ತು ಖಂಡನೆ

ಹಾಗಾದರೆ ದುರಸ್ತಿ ಬಳಗವನ್ನು ದೂರ ಮಾಡುತ್ತದೆಯೇ? ಹೌದೆಂದು ಪೂರ್ವಪಕ್ಷ. ಆದರೆ ಸಾಕ್ಷ್ಯ ಬೇರೆ ಹೇಳುತ್ತದೆ.

ದುರಸ್ತಿಗೆ ಮುಂಚೆ ನಮ್ಮಲ್ಲಿ ಫೋನು ಭಾನುವಾರದ್ದು. ಊಟ ಆತಾ, ಮಳಿ ಆತಾ, ಗುಳಿಗಿ ತಗೊಂಡ್ಯಾ: ಮೂರು ಪ್ರಶ್ನೆ, ಮೂರು ಹೂಂ. ದುರಸ್ತಿ ಹಿಡಿದ ಮೇಲೆ ದಿನಾ ಫೋನು. ಸಿಂಕು ಎಡಕ್ಕೋ ಬಲಕ್ಕೋ ಎಂಬುದಕ್ಕೆ ಪುಣೆಯಲ್ಲೇ ಇರುವ ನನ್ನ ಸ್ವಂತ ತಮ್ಮ ಮತ್ತು ನಾನು ಒಂದು ವಾರ ಜಗಳವಾಡಿದೆವು. ಹೊಲದ ವಿಷಯಕ್ಕೆ ಮುನಿಸಿಕೊಂಡು ಮಾತು ಬಿಟ್ಟಿದ್ದ ನಾವು ಅಷ್ಟು ದೀರ್ಘವಾಗಿ ಮಾತಾಡಿದ್ದು ಅಪ್ಪನ ತಿಥಿಯಲ್ಲೂ ಇಲ್ಲ. ನ್ಯೂ ಜೆರ್ಸಿಯವಳು ಗಿಲಾವಿನ ಫೋಟೊ ದೊಡ್ಡದು ಮಾಡಿ, ಮೂಲೆ ಸೊಟ್ಟಗಿದೆ ಎಂದು ಬಾಣದ ಗುರುತು ಹಾಕಿ ಕಳಿಸುತ್ತಾಳೆ. ಅವ್ವ ಕನ್ನಡಕ ಹಾಕಿಕೊಂಡು ನೋಡಿ, "ಹೌದಲ್ಲ, ಸೊಟ್ಟ ಐತಿ" ಎಂದು ತೃಪ್ತಿಯಿಂದ ಹೇಳುತ್ತಾಳೆ.

ಇಷ್ಟರಲ್ಲಿ ಸಂಶೋಧಕನಿಗೆ ಒಂದು ವಿಚಿತ್ರ ಕಂಡಿತು. ಬಚ್ಚಲು ಮುಗಿಯಿತು ಅನ್ನುವಾಗ ನೀರು ಮೋರಿಗೆ ಹರಿಯುವುದಿಲ್ಲ ಎಂದು ಅವ್ವ ಫರಸಿ ಕೀಳಿಸಿದಳು. ಅಡುಗೆಮನೆ ಮುಗಿಯಿತು ಅನ್ನುವಾಗ ಕಟ್ಟೆ ಎತ್ತರವಾಯಿತು ಅಂದಳು; ಇಳಿಸಿದ ಮೇಲೆ ತಗ್ಗಾಯಿತು. ಬಣ್ಣಕ್ಕೆ ಬಂದವನನ್ನು "ಡಬ್ಬಿ ತೀರ್‍ಯಾವ, ಮುಂದಿನ ತಿಂಗಳ ಬಾ" ಎಂದು ಕಳಿಸಿದಳು. ನಾನು ಹೋದಾಗ ಜೋಳದ ಚೀಲದ ಹಿಂದೆ ಸೀಲು ಒಡೆಯದ ಎರಡು ಡಬ್ಬಿ ಸಿಕ್ಕವು, ಮೇಲೆ ಹಳೆಯ ಕೌದಿ ಹೊದಿಸಿತ್ತು. ಈ ಸಾಕ್ಷ್ಯಕ್ಕೆ ಭಾಷ್ಯ ಬರೆಯುವ ಕೆಲಸವನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ. ಕೌದಿಯನ್ನು ಇದ್ದಂತೆಯೇ ಮುಚ್ಚಿಟ್ಟು ಬಂದೆ.

ಪಂಚಮಿ ವಿರೋಧಾಭಾಸ

ಕೊನೆಯದು ಈ ಶಾಸ್ತ್ರದ ಅತ್ಯಂತ ಕಠಿಣ ಸಮಸ್ಯೆ. ಯಜಮಾನ ಊರಿಗೆ ಬರುವುದು ಪಂಚಮಿಗೆ. ಗೌಂಡಿಯೂ ಮಂಗಳೂರಿನಿಂದ ಬರುವುದು ಪಂಚಮಿಗೆ. ಇಬ್ಬರೂ ಏಕಕಾಲದಲ್ಲಿ ಊರಲ್ಲಿರುವುದು ಆ ನಾಲ್ಕು ದಿನ ಮಾತ್ರ, ಮತ್ತು ಆ ನಾಲ್ಕು ದಿನ ಹಬ್ಬವಾದ್ದರಿಂದ ಯಾರೂ ಕರಣಿ ಮುಟ್ಟುವುದಿಲ್ಲ.

ಈ ವರ್ಷ ಗೌಂಡಿ ಹೊಸ ಅಂಗಿ ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಕೂತ. ಅವ್ವ ತಾಟಿನಲ್ಲಿ ಎಳ್ಳುಂಡಿ, ಶೇಂಗಾ ಉಂಡಿ, ರವೆ ಉಂಡಿ ಇಟ್ಟಳು. ಅವನು ಒಂದೊಂದನ್ನೇ ಮುಗಿಸುತ್ತ ಎದುರಿನ ಗೋಡೆಯನ್ನು ಒಂದು ಕಣ್ಣು ಮುಚ್ಚಿ ನೋಡಿದ. ಎದ್ದು ಹೋಗಿ ಬೆರಳಿನಿಂದ ತಟ್ಟಿದ.

"ಯಾರು ಕಟ್ಟ್ಯಾರ್ರೀ ಅಣ್ಣಾರ ಇದನ್ನ? ಗುಂಡು ಹಿಡದs ಇಲ್ಲ. ಕಲಸೂದು ಗೊತ್ತಿಲ್ಲ, ಏನಿಲ್ಲ."

"ನೀನs ಕಟ್ಟಿದ್ದಲ್ಲೋ, ಹೋದ ವರ್ಷ."

ಅವನು ಇನ್ನೊಮ್ಮೆ ತಟ್ಟಿ, ತಲೆ ಓರೆ ಮಾಡಿ ಆಲಿಸಿದ.

"ಹಂಗಾದ್ರ ಗಟ್ಟಿ ಐತಿ ಬಿಡ್ರಿ," ಎಂದು ತಾಟಿನ ಕಡೆ ತಿರುಗಿದ. "ಯವ್ವಾ, ಶೇಂಗಾದ್ದು ಇನ್ನೊಂದ ತಾ."